ಮೂಗಿನ ದಾರಿಯಲ್ಲಿ ಪಿಟ್ಯುಟರಿ ಗೆಡ್ಡೆ ತೆಗೆದ ಮೇಲೆ: ಮನೆಯಲ್ಲಿ ಮೊದಲ ಆರು ವಾರ

ಪಿಟ್ಯುಟರಿ ಗ್ರಂಥಿ ಇರುವುದು ತಲೆಬುರುಡೆಯ ತಳದ ಪುಟ್ಟ ಮೂಳೆಗುಳಿಯೊಂದರಲ್ಲಿ. ಅದರ ಮೇಲೆ ಕಣ್ಣಿನ ನರಗಳು ಒಂದನ್ನೊಂದು ದಾಟಿ ಹೋಗುತ್ತವೆ. ಎಡಬಲಕ್ಕೆ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳಗಳಿವೆ, ಮೇಲ್ಗಡೆ ಮಿದುಳಿನ ನೀರು, ಅಂದರೆ ಮಿದುಳನ್ನು ಸುತ್ತುವರಿದ ತಿಳಿ ದ್ರವ, ತುಂಬಿದೆ. ಇಲ್ಲಿ ಬೆಳೆದ ಗೆಡ್ಡೆಯನ್ನು ಈಗ ಬಹುಪಾಲು ತಲೆ ತೆರೆಯದೆ, ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಹಾಕಿ ತೆಗೆಯುತ್ತಾರೆ. ಹೊರಗೆ ಒಂದು ಹೊಲಿಗೆಯೂ ಕಾಣುವುದಿಲ್ಲ. ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ, ನೋಡಲು ಬಂದವರು "ಏನೂ ಆಗೇ ಇಲ್ಲವಲ್ಲ" ಎನ್ನುತ್ತಾರೆ.

ಮನೆಯವರು ಎಚ್ಚರ ತಪ್ಪುವುದು ಇಲ್ಲೇ. ರಕ್ತದಲ್ಲಿ ಸೋಡಿಯಂ ಕುಸಿಯುವುದು ಸಾಮಾನ್ಯವಾಗಿ 4ರಿಂದ 10ನೇ ದಿನದೊಳಗೆ, ಅಂದರೆ ಮನೆಗೆ ಬಂದ ಮೇಲೆ. ಮೂಗಿನಿಂದ ದೊಡ್ಡ ರಕ್ತಸ್ರಾವ ಎರಡನೆಯ, ಮೂರನೆಯ ವಾರದಲ್ಲೂ ಆಗಬಹುದು. ಮಿದುಳಿನ ನೀರು ಸೋರುವುದು ಒಂದು ಜೋರು ಸೀನಿನಿಂದಲೂ ಶುರುವಾಗಬಹುದು. ಇವೆಲ್ಲ ಎಲ್ಲರಿಗೂ ಆಗುವುದಿಲ್ಲ. ಆದರೆ ಆದಾಗ ಮೊದಲು ಕಾಣುವವರು ಡಾಕ್ಟರಲ್ಲ, ಪಕ್ಕದಲ್ಲಿ ಮಲಗಿದವರು. ಅವರ ಕೈಯಲ್ಲಿ ಇರಬೇಕಾದದ್ದು ಒಂದು ನೋಟ್‌ಬುಕ್, ಒಂದು ಅಳತೆಯ ಜಗ್ಗು, ಒಂದು ಥರ್ಮಾಮೀಟರ್.

ಡಿಸ್ಚಾರ್ಜ್ ದಿನ ಕೇಳಿ ಬರೆದುಕೊಳ್ಳಬೇಕಾದದ್ದು

ಆಪರೇಷನ್ ವೇಳೆ ಮಿದುಳಿನ ನೀರು ಸೋರಿತ್ತೇ? ಸೋರಿದ್ದರೆ ಯಾವುದರಿಂದ ಮುಚ್ಚಿದ್ದಾರೆ: ತೊಡೆ ಅಥವಾ ಹೊಟ್ಟೆಯಿಂದ ತೆಗೆದ ಕೊಬ್ಬಿನಿಂದಲೋ, ಮೂಗಿನೊಳಗಿನ ಪೊರೆಯನ್ನು ತಿರುಗಿಸಿಯೋ? ಸೋರಿದ್ದವರಿಗೆ ಮುಂದಿನ ಕಟ್ಟುಪಾಡು ಇನ್ನಷ್ಟು ಬಿಗಿ. ಕೊನೆಯ ಸೋಡಿಯಂ ಎಷ್ಟು, ಬೆಳಗಿನ 8 ಗಂಟೆಯ ಕಾರ್ಟಿಸಾಲ್ (ಕಾಯಿಲೆ, ಒತ್ತಡ ತಾಳಲು ದೇಹಕ್ಕೆ ಬೇಕಾದ ಹಾರ್ಮೋನು) ಎಷ್ಟು? ದಿನಕ್ಕೆ ಇಷ್ಟೇ ಕುಡಿಯಬೇಕು ಎಂಬ ಮಿತಿ ಇದೆಯೇ? ರಾತ್ರಿ 2 ಗಂಟೆಗೆ ಯಾರಿಗೆ ಫೋನ್ ಮಾಡಬೇಕು? ಸೋಡಿಯಂ ಪರೀಕ್ಷೆಯ ದಿನಾಂಕವನ್ನು ಅಲ್ಲೇ ಗೊತ್ತುಮಾಡಿಕೊಳ್ಳಿ. ಆಪರೇಷನ್ ದಿನದಿಂದ ಎಣಿಸಿ 7ನೇ ದಿನದ ಆಸುಪಾಸು ಒಂದು ಪರೀಕ್ಷೆ ತಪ್ಪದೇ ಆಗಬೇಕು. ಅದಕ್ಕೆ ದೊಡ್ಡ ಆಸ್ಪತ್ರೆಗೇ ಹೋಗಬೇಕಿಲ್ಲ. ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿ ಮಾಡಿಸಿದರೂ ಸಾಕು, ವರದಿ ಮಾತ್ರ ಅದೇ ದಿನ ಕೈಗೆ ಬರಬೇಕು.

ಮೂತ್ರ ಅತಿಯಾಗಿ ಹರಿಯುವುದನ್ನು ತಡೆಯುವ ಡೆಸ್ಮೋಪ್ರೆಸಿನ್ ಮಾತ್ರೆ ಬರೆದಿದ್ದರೆ ನಗರದಲ್ಲೇ ಒಂದು ತಿಂಗಳಿಗಾಗುವಷ್ಟು ತೆಗೆದುಕೊಳ್ಳಿ. ಸಣ್ಣ ಊರಿನ ಮೆಡಿಕಲ್ ಸ್ಟೋರುಗಳು ಇದನ್ನು ಇಟ್ಟಿರುವುದೇ ಅಪರೂಪ.

ನೀರಿನ ಲೆಕ್ಕ

ಮೊದಲ ಎರಡು ವಾರ ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಬರೆಯಿರಿ. ಮನೆಯ ಲೋಟವನ್ನು ಒಮ್ಮೆ ಅಳೆದಿಟ್ಟುಕೊಳ್ಳಿ, 150 ಮಿಲಿ ಹಿಡಿಯುತ್ತದೋ 200 ಮಿಲಿಯೋ ನೋಡಿ. ನೀರು ಮಾತ್ರವಲ್ಲ, ಕಾಫಿ, ಮಜ್ಜಿಗೆ, ಗಂಜಿ, ಕುಡಿದ ತಿಳಿಸಾರು, ಎಳನೀರು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಮೂತ್ರಕ್ಕೆ ಮಿಲಿ ಗುರುತಿರುವ 1 ಲೀಟರ್ ಜಗ್ಗು ಬೇರೆಯೇ ಇರಲಿ. ಪ್ರತಿ ಸಲವೂ ಸಮಯ, ಪ್ರಮಾಣ, ಬಣ್ಣ ಬರೆಯಿರಿ: ಬಣ್ಣಕ್ಕೆ "ಹಳದಿ", "ತೆಳು ಹಳದಿ", "ನೀರಿನಂತೆ" ಎಂದರೆ ಸಾಕು. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಕ ನೋಡಿ. ಒಂದೇ ದಿನದಲ್ಲಿ 1 ಕಿಲೋ ಏರಿದರೆ ಅಥವಾ ಇಳಿದರೆ ಅದು ಕೊಬ್ಬಲ್ಲ, ಸುಮಾರು 1 ಲೀಟರ್ ನೀರು.

ಇಷ್ಟು ಒದ್ದಾಟ ಏಕೆಂದರೆ, ಮೂತ್ರ ಎಷ್ಟು ಗಟ್ಟಿಯಾಗಬೇಕು ಎಂದು ಮೂತ್ರಪಿಂಡಕ್ಕೆ ಹೇಳುವ ವಾಸೊಪ್ರೆಸಿನ್ ಹಾರ್ಮೋನು ಪಿಟ್ಯುಟರಿಯ ಹಿಂಭಾಗದಿಂದ ಹೊರಡುತ್ತದೆ. ಆಪರೇಷನ್ನಿನಲ್ಲಿ ಆ ಭಾಗ ಅಥವಾ ಅದರ ತೊಟ್ಟು ನಲುಗಿದರೆ ಹಾರ್ಮೋನು ಬರುವುದು ನಿಲ್ಲುತ್ತದೆ. ಆಗ ಮೂತ್ರ ನೀರಿನಂತೆ ಹರಿಯುತ್ತದೆ. ಕೆಲವು ದಿನಗಳ ಮೇಲೆ ಸಾಯುತ್ತಿರುವ ನರತುದಿಗಳು ತಮ್ಮಲ್ಲಿದ್ದ ದಾಸ್ತಾನನ್ನೆಲ್ಲ ಒಮ್ಮೆಲೇ ಬಿಡಬಹುದು. ಆಗ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೋಡಿಯಂ ಕುಸಿಯುತ್ತದೆ. ಕೆಲವರಲ್ಲಿ ದಾಸ್ತಾನು ಮುಗಿದ ಮೇಲೆ ಮತ್ತೆ ಮೂತ್ರ ಹರಿಯಲು ಶುರುವಾಗಿ ಹಾಗೆಯೇ ಉಳಿಯುತ್ತದೆ. ಒಬ್ಬರಿಗೇ ಹದಿನೈದು ದಿನದೊಳಗೆ ಎರಡು ವಿರುದ್ಧ ಕಾಯಿಲೆಗಳು ಬರಬಹುದು. ಮೊನ್ನೆ ಸರಿಯಾಗಿದ್ದ ಸಲಹೆ ಇಂದು ಅಪಾಯವಾಗಬಹುದು. ನೋಟ್‌ಬುಕ್ ಇಲ್ಲದೆ ಈ ತಿರುವು ಕಣ್ಣಿಗೆ ಬೀಳುವುದೇ ಇಲ್ಲ.

ಮೂತ್ರ ಹೆಚ್ಚಾದಾಗ

ಗಂಟೆಗೆ 250 ಮಿಲಿಗಿಂತ ಹೆಚ್ಚು, ಅದೂ ಸತತ ಎರಡು ಮೂರು ಗಂಟೆ. ಅಥವಾ ದಿನಕ್ಕೆ 3 ಲೀಟರ್ ದಾಟಿದರೆ. ಜೊತೆಗೆ ಬಣ್ಣ ನೀರಿನಂತಿದ್ದರೆ ಅದೇ ದಿನ ಫೋನ್ ಮಾಡಿ, ಸೋಡಿಯಂ ಪರೀಕ್ಷೆ ಮಾಡಿಸಿ. ಇಂಥವರಿಗೆ ಬಾಯಾರಿಕೆ ವಿಪರೀತ, ಅದರಲ್ಲೂ ಫ್ರಿಜ್ಜಿನ ತಣ್ಣೀರೇ ಬೇಕೆನಿಸುತ್ತದೆ. ರಾತ್ರಿ ನಾಲ್ಕೈದು ಸಲ ಎದ್ದು ಕುಡಿದು ಮತ್ತೆ ಮಲಗುತ್ತಾರೆ. ಇದನ್ನು ಸಕ್ಕರೆ ಕಾಯಿಲೆ ಎಂದುಕೊಂಡು ಸಿಹಿ ನಿಲ್ಲಿಸುವವರಿದ್ದಾರೆ. ಇದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ಆದರೂ ಸ್ಟೀರಾಯ್ಡ್ ಮಾತ್ರೆಯಿಂದ ಸಕ್ಕರೆ ಏರಿಯೂ ಮೂತ್ರ ಹೆಚ್ಚಾಗಬಹುದಾದ್ದರಿಂದ ಸಕ್ಕರೆಯನ್ನೂ ಒಮ್ಮೆ ನೋಡಿಸಿ.

"ಕುಡಿಯುವುದಕ್ಕೇ ಮೂತ್ರ ಬರುತ್ತಿದೆ" ಎಂದು ನೀರು ಕಿತ್ತುಕೊಳ್ಳಬೇಡಿ. ಇಲ್ಲಿ ಮೂತ್ರ ಮೊದಲು, ಬಾಯಾರಿಕೆ ಆಮೇಲೆ. ಎಚ್ಚರವಿದ್ದು, ಬಾಯಾರಿಕೆ ಸರಿಯಾಗಿ ತಿಳಿಯುವವರು ಬಾಯಾರಿದಷ್ಟು ಕುಡಿದರೆ ಸೋಡಿಯಂ ಬಹುಮಟ್ಟಿಗೆ ಹದದಲ್ಲೇ ಉಳಿಯುತ್ತದೆ. ಮಂಪರಾಗಿರುವವರಿಗೆ, ಬಾಯಾರಿಕೆಯೇ ಗೊತ್ತಾಗದವರಿಗೆ ಈ ರಕ್ಷಣೆ ಇಲ್ಲ. ಅವರಿಗೆ ಡಾಕ್ಟರ್ ಪ್ರಮಾಣ ಗೊತ್ತುಮಾಡಬೇಕು.

ಡೆಸ್ಮೋಪ್ರೆಸಿನ್ ಮಾತ್ರೆ ಹೆಚ್ಚಾಗಿ 0.1 ಮಿಗ್ರಾಂನದು. ಮೂಗಿಗೆ ಹೊಡೆಯುವ ಸ್ಪ್ರೇ ಕೂಡ ಇದೆ, ಆದರೆ ಮೂಗಿನಲ್ಲಿ ಗಾಯ, ಹೆಕ್ಕಳೆ ಇರುವ ತನಕ ಅದು ಎಷ್ಟು ಹೀರಲ್ಪಡುತ್ತದೆ ಎಂದು ನಂಬುವಂತಿಲ್ಲ. ಈ ಔಷಧಿಯಲ್ಲಿ ಆಗುವ ದೊಡ್ಡ ತಪ್ಪು ಒಂದೇ: ಮಾತ್ರೆ ನುಂಗಿದ ಮೇಲೂ ಹಳೆಯ ರೂಢಿಯಂತೆ ಚೊಂಬುಗಟ್ಟಲೆ ಕುಡಿಯುವುದು. ಮಾತ್ರೆ ಮೂತ್ರವನ್ನು ಕಟ್ಟಿದೆ, ಕುಡಿದದ್ದೆಲ್ಲ ಒಳಗೇ ಉಳಿಯುತ್ತದೆ, ಸೋಡಿಯಂ ತೆಳುವಾಗುತ್ತದೆ. ಆರಂಭದ ವಾರಗಳಲ್ಲಿ ಗಡಿಯಾರ ನೋಡಿ ನುಂಗುವುದಕ್ಕಿಂತ, ಹಿಂದಿನ ಮಾತ್ರೆಯ ಪ್ರಭಾವ ಇಳಿದು ಮೂತ್ರ ಮತ್ತೆ ತೆಳುವಾಗಿ ಹೆಚ್ಚಾಗುವುದನ್ನು ನೋಡಿಕೊಂಡು ಮುಂದಿನದನ್ನು ಕೊಡುವ ಕ್ರಮ ಸುರಕ್ಷಿತ. ಹಾಗೆ ಮಾಡಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಸೋಡಿಯಂ ಕುಸಿದಾಗ

ಮನೆಗೆ ಬಂದು ಚೆನ್ನಾಗಿಯೇ ಇದ್ದರು, ಆರೇಳನೇ ದಿನ ಊಟ ಸೇರದು, ವಾಕರಿಕೆ, ತಲೆನೋವು, ಸುಸ್ತು, ಮಾತು ನಿಧಾನ. ಮನೆಯವರು "ಆಪರೇಷನ್ ಆಗಿದೆಯಲ್ಲ, ನಿಶ್ಶಕ್ತಿ" ಎಂದುಕೊಂಡು ಎಳನೀರು, ಗ್ಲೂಕೋಸ್ ನೀರು, ಹಣ್ಣಿನ ರಸ ಒತ್ತಾಯದಿಂದ ಕುಡಿಸುತ್ತಾರೆ. ಪ್ರೀತಿಯಿಂದ ಮಾಡುವ ಈ ಕೆಲಸವೇ ಸೋಡಿಯಂ ಅನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ಮರುದಿನಕ್ಕೆ ಗೊಂದಲ, ಫಿಟ್ಸ್ ಬರಬಹುದು.

ಸಾಮಾನ್ಯ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್. 130ರಿಂದ 134 ಇದ್ದು ತೊಂದರೆ ಇಲ್ಲದಿದ್ದರೆ ಡಾಕ್ಟರ್ ಸಾಮಾನ್ಯವಾಗಿ ದ್ರವವನ್ನು ದಿನಕ್ಕೆ 1ರಿಂದ 1.5 ಲೀಟರಿಗೆ ಇಳಿಸಿ, ಒಂದು ದಿನದಲ್ಲಿ ಮತ್ತೆ ಪರೀಕ್ಷೆ ಮಾಡಿಸಲು ಹೇಳುತ್ತಾರೆ. 130ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲಿರಬೇಕು. 125ಕ್ಕಿಂತ ಕೆಳಗಿದ್ದರೆ, ಅಥವಾ ಸಂಖ್ಯೆ ಎಷ್ಟೇ ಇರಲಿ ಗೊಂದಲ, ಫಿಟ್ಸ್, ಎಬ್ಬಿಸಿದರೂ ಏಳದ ನಿದ್ದೆ ಇದ್ದರೆ, ಅದು ತುರ್ತು. ಅಲ್ಲಿ 3 ಶೇಕಡಾ ಉಪ್ಪಿನ ದ್ರಾವಣವನ್ನು ಅಳೆದು ಕೊಡುತ್ತಾರೆ. ಅದನ್ನೂ ಅವಸರದಲ್ಲಿ ಏರಿಸುವಂತಿಲ್ಲ. 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರಿದರೆ ಮಿದುಳಿನ ನರಗಳ ಹೊದಿಕೆಯೇ ಹಾಳಾಗಬಹುದು. ಮನೆಯಲ್ಲಿ ಉಪ್ಪು ಕಲಸಿ ಕುಡಿಸಿ ನೋಡೋಣ ಎಂಬ ಯೋಚನೆ ಬೇಡ ಎನ್ನುವುದು ಇದಕ್ಕೇ.

ಕಾರ್ಟಿಸಾಲ್ ಕೊರತೆಯಲ್ಲೂ ಇದೇ ವಾಕರಿಕೆ, ಇದೇ ಸುಸ್ತು, ಸೋಡಿಯಂ ಕೂಡ ಕಡಿಮೆ. ನೋಡಿ ಹೇಳುವುದು ಅನುಭವಿಗಳಿಗೂ ಕಷ್ಟ. ಸೋಡಿಯಂ ಜೊತೆ ಕಾರ್ಟಿಸಾಲನ್ನೂ ಪರೀಕ್ಷಿಸಬೇಕೇ ಎಂದು ಕೇಳಿ.

ಮೂಗಿನಿಂದ ನೀರು: ಶೀತವೋ, ಮಿದುಳಿನ ನೀರೋ

ದೊಡ್ಡವರಲ್ಲಿ ಒಟ್ಟು ಸುಮಾರು 150 ಮಿಲಿ ಮಿದುಳಿನ ನೀರು ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿ ಹೊಸದಾಗಿ ಹುಟ್ಟುತ್ತದೆ. ಆದ್ದರಿಂದ ತೂತು ಬಿದ್ದರೆ "ಎಲ್ಲ ಸೋರಿ ಖಾಲಿಯಾಗಿ ತಾನೇ ನಿಲ್ಲುತ್ತದೆ" ಎನ್ನುವಂತಿಲ್ಲ. ನೀರು ಹೊರಬರುವ ದಾರಿಯಲ್ಲೇ ಮೂಗಿನ ರೋಗಾಣುಗಳು ಒಳಗೆ ಹೋಗಬಹುದು, ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಬರಬಹುದು.

ಮೊದಲ ವಾರ ನಸುಗೆಂಪು, ಅಂಟಂಟಾದ ಸ್ರಾವ ಸಹಜ. ಮಿದುಳಿನ ನೀರು ತಿಳಿಯಾಗಿರುತ್ತದೆ, ಅಂಟುವುದಿಲ್ಲ, ಹೆಚ್ಚಾಗಿ ಒಂದೇ ಹೊಳ್ಳೆಯಿಂದ ತೊಟ್ಟಿಕ್ಕುತ್ತದೆ, ಮುಂದಕ್ಕೆ ಬಾಗಿದಾಗ ಜಾಸ್ತಿಯಾಗುತ್ತದೆ. ಗಂಟಲಿಗೆ ಇಳಿದರೆ ಉಪ್ಪುಪ್ಪು ರುಚಿ. ಮಲಗಿದಾಗ ಗಂಟಲಿಗೆ ಇಳಿದು ಕೆಮ್ಮು ಬರಬಹುದು. ಬಿಳಿ ಕರವಸ್ತ್ರದ ಮೇಲೆ ಬಿದ್ದ ಸಿಂಬಳ ಒಣಗಿದಾಗ ಗಂಜಿ ಹಾಕಿದಂತೆ ಬಿರುಸಾಗುತ್ತದೆ, ಮಿದುಳಿನ ನೀರು ಬಟ್ಟೆಯನ್ನು ಬಿರುಸು ಮಾಡುವುದಿಲ್ಲ. ಕೂತಾಗ ತಲೆ ಒಡೆಯುವಂತೆ ನೋವು, ಮಲಗಿದರೆ ಇಳಿತ ಎಂದರೂ ಸೋರಿಕೆಯ ಗುಮಾನಿ ಪಡಬೇಕು.

ಸುಳ್ಳು ಗಾಬರಿಗೂ ಜಾಗವಿದೆ. ಮೂಗು ತೊಳೆದ ಉಪ್ಪುನೀರು ಮೂಳೆಯ ಪೊಟರೆಗಳಲ್ಲಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಬಾಗಿದಾಗ ಒಮ್ಮೆಗೇ ಸುರಿದು ನಿಲ್ಲುತ್ತದೆ. ಖಾರದ ಸಾರು ಉಂಡಾಗಲೂ ಮೂಗು ಸೋರುತ್ತದೆ. ತೊಳೆಯದ ದಿನವೂ, ಊಟಕ್ಕೆ ಸಂಬಂಧವಿಲ್ಲದೆಯೂ, ಮತ್ತೆ ಮತ್ತೆ ತೊಟ್ಟಿಕ್ಕುವುದು ಬೇರೆ. ಹಾಗಾದರೆ ಸ್ವಚ್ಛವಾದ ಚಿಕ್ಕ ಡಬ್ಬಿಯಲ್ಲಿ ಹಿಡಿಯಿರಿ, ಒಂದು ಮಿಲಿಯಷ್ಟು ಸಿಕ್ಕರೂ, ಅದು ಮಿದುಳಿನ ನೀರೇ ಎಂದು ತಿಳಿಸುವ ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಗೆ ಸಾಕು. ಸಕ್ಕರೆ ಪಟ್ಟಿ ಅದ್ದಿ ನೋಡುವುದನ್ನು ನಂಬಬೇಡಿ, ಕಣ್ಣೀರು, ರಕ್ತ ಬೆರೆತರೂ ಅದು ಬಣ್ಣ ಬದಲಿಸುತ್ತದೆ. ಆಸ್ಪತ್ರೆಗೆ ಹೊರಡುವ ತನಕ ತಲೆದಿಕ್ಕು ಎತ್ತರಿಸಿ ಮಲಗಿಸಿ. ಹೊಳ್ಳೆಗೆ ಹತ್ತಿ ತುರುಕಬೇಡಿ.

ಒತ್ತಡ ಏರಿಸುವ ಕೆಲಸಗಳು

ಒಳಗೆ ಹಾಕಿದ ತೇಪೆ ಮೊದಲ ಒಂದೆರಡು ವಾರ ಬರೀ ಅಂಟಿಕೊಂಡಿರುತ್ತದೆ, ಬೇರೂರಿರುವುದಿಲ್ಲ. ಹೊಟ್ಟೆ ಬಿಗಿ ಹಿಡಿದು ತಿಣುಕಿದಾಗ ಎದೆಯ, ಕತ್ತಿನ ಅಭಿಧಮನಿಗಳ ಒತ್ತಡ ಏರಿ ಮಿದುಳಿನ ನೀರಿನ ಒತ್ತಡವೂ ಏರುತ್ತದೆ, ತೇಪೆಯನ್ನು ಒಳಗಿನಿಂದ ತಳ್ಳುತ್ತದೆ. ಮೂಗು ಸೀದಿದಾಗ ಗಾಳಿ ಕೆಳಗಿನಿಂದ ನುಗ್ಗಿ ತಲೆಬುರುಡೆಯೊಳಗೆ ಸಿಕ್ಕಿಕೊಳ್ಳಬಹುದು. ಆರು ವಾರ ಅಥವಾ ನಿಮ್ಮ ಸರ್ಜನ್ ಹೇಳಿದಷ್ಟು ದಿನ ಇವು ಬೇಡ:

ಮೂಗು ಸೀದುವುದು. ಸೀನು ಬಂದರೆ ತಡೆಯಬಾರದು, ಮೂಗು ಹಿಡಿಯಲೂಬಾರದು; ಬಾಯಿ ಅಗಲ ತೆರೆದು ಸೀನಬೇಕು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿನ ಹೊತ್ತಿಗೆ ರೋಗಿ ಅಡುಗೆಮನೆಯಿಂದ ದೂರವಿರಲಿ. ನಶ್ಯ ಸಂಪೂರ್ಣ ಬಂದ್. ಒಲೆ ಊದುಗೊಳವೆ, ಶಂಖ, ಕೊಳಲು, ಬಲೂನು ಊದುವುದು, ಸ್ಟ್ರಾ ಹಾಕಿ ಎಳೆಯುವುದು ಬೇಡ. ಪ್ರಾಣಾಯಾಮದಲ್ಲಿ ಕಪಾಲಭಾತಿ, ಭಸ್ತ್ರಿಕಾ ಬೇಡವೇ ಬೇಡ, ಜಲನೇತಿಯೂ ಬೇಡ. ಸೂರ್ಯನಮಸ್ಕಾರ, ಸಾಷ್ಟಾಂಗ ನಮಸ್ಕಾರ ಮುಂದೂಡಿ. 4–5 ಕಿಲೋಗಿಂತ ಭಾರ ಎತ್ತಬಾರದು: ತುಂಬಿದ ಬಿಂದಿಗೆ, 20 ಲೀಟರ್ ನೀರಿನ ಕ್ಯಾನ್, ಗ್ಯಾಸ್ ಸಿಲಿಂಡರ್, ಎರಡು ವರ್ಷದ ಮಗು, ಎಲ್ಲವೂ ಇದಕ್ಕಿಂತ ಭಾರ. ಬಗ್ಗಿ ಕಸ ಗುಡಿಸುವುದು, ನೆಲ ಒರೆಸುವುದು ಇನ್ನೊಬ್ಬರ ಕೆಲಸವಾಗಲಿ. ನಿದ್ದೆಯಲ್ಲಿ ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬಳಸುತ್ತಿದ್ದವರು ಸರ್ಜನ್ ಒಪ್ಪದೆ ಮತ್ತೆ ಹಾಕಿಕೊಳ್ಳಬಾರದು. ಕೊಲ್ಲಿ ದೇಶಗಳ ಕೆಲಸಕ್ಕೆ ಮರಳಬೇಕಾದವರು ಟಿಕೆಟ್ ಮಾಡುವ ಮುನ್ನ ತಲೆಯೊಳಗೆ ಗಾಳಿ ಉಳಿದಿಲ್ಲವೇ ಎಂದು ಕೇಳಿ.

ಮಲಬದ್ಧತೆಯನ್ನು ಜನ ಹಗುರವಾಗಿ ನೋಡುತ್ತಾರೆ, ಆದರೆ ತೇಪೆಗೆ ಅದು ಸೀನಿನಷ್ಟೇ ಶತ್ರು. ಸಾಧ್ಯವಾದರೆ ಕಮೋಡ್ ಬಳಸಿ. ದ್ರವಕ್ಕೆ ಮಿತಿ ಇರುವಾಗ ಇಸಬ್‌ಗೋಲ್ ಕೊಡಬೇಡಿ, ಸಾಕಷ್ಟು ನೀರಿಲ್ಲದೆ ಅದು ಒಳಗೇ ಗಟ್ಟಿಯಾಗುತ್ತದೆ. ರಾತ್ರಿ ಲ್ಯಾಕ್ಟುಲೋಸ್ ಸಿರಪ್ 15ರಿಂದ 30 ಮಿಲಿ ಹೆಚ್ಚಿನವರಿಗೆ ಸಾಕಾಗುತ್ತದೆ. ಮಲಗುವಾಗ ತಲೆದಿಕ್ಕು ಸುಮಾರು 30 ಡಿಗ್ರಿ ಎತ್ತರವಿರಲಿ. ತಲೆಯಡಿ ಮೂರು ದಿಂಬು ಇಟ್ಟರೆ ಕತ್ತು ಮಾತ್ರ ಬಾಗುತ್ತದೆ, ಬದಲಿಗೆ ಬೆನ್ನಿನ ಕೆಳಗಿನಿಂದಲೇ ಇಳಿಜಾರಾಗುವಂತೆ ಹಾಸಿಗೆ ಮಡಿಸಿಡಿ.

ಸ್ಟೀರಾಯ್ಡ್ ಮಾತ್ರೆ ತಪ್ಪಿದರೆ

"ಸ್ಟೀರಾಯ್ಡ್ ಕೆಟ್ಟದ್ದು" ಎಂಬ ನೆರೆಹೊರೆಯ ಮಾತಿಗೆ ಮಾತ್ರೆ ನಿಲ್ಲಿಸಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ. ಇಲ್ಲಿ ಹೈಡ್ರೋಕಾರ್ಟಿಸೋನ್ ಕೊಡುವುದು ಬೇನೆ ಅದುಮಲು ಅಲ್ಲ, ದೇಹ ತಾನೇ ಮಾಡಿಕೊಳ್ಳಲಾಗದ ಕಾರ್ಟಿಸಾಲನ್ನು ಹೊರಗಿನಿಂದ ತುಂಬಲು. ಸಾಮಾನ್ಯ ಪ್ರಮಾಣ ದಿನಕ್ಕೆ 15ರಿಂದ 20 ಮಿಗ್ರಾಂ, ಬೆಳಿಗ್ಗೆ ಎದ್ದ ಕೂಡಲೇ ದೊಡ್ಡ ಪಾಲು, ಉಳಿದದ್ದು ಮಧ್ಯಾಹ್ನ, ಸಂಜೆ. ಕುಶಿಂಗ್ ಕಾಯಿಲೆಗೆ (ಗೆಡ್ಡೆಯಿಂದಾಗಿ ಕಾರ್ಟಿಸಾಲ್ ಮಿತಿಮೀರುವ ಕಾಯಿಲೆ) ಆಪರೇಷನ್ ಆದವರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂದಿನ ಪ್ರಮಾಣ ಎರಡು ಪಟ್ಟು, 39 ದಾಟಿದರೆ ಮೂರು ಪಟ್ಟು, ಜ್ವರ ಬಿಡುವ ತನಕ. ಆಪರೇಷನ್ ಆದ ಈ ವಾರಗಳಲ್ಲಿ ಪ್ರಮಾಣ ಏರಿಸಿ ಸುಮ್ಮನಾಗುವಂತಿಲ್ಲ, ಜ್ವರದ ಕಾರಣಕ್ಕಾಗಿ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಿ. ಮತ್ತೆಯೂ ವಾಂತಿಯಾದರೆ ಹೈಡ್ರೋಕಾರ್ಟಿಸೋನ್ 100 ಮಿಗ್ರಾಂ ಇಂಜೆಕ್ಷನ್ ಮಾಂಸಖಂಡಕ್ಕೆ ಬೀಳಬೇಕು, ಆಮೇಲೆ ಆಸ್ಪತ್ರೆ. ಈ ಪುಡಿ ಸೀಸೆ, ಸಿರಿಂಜು ಮನೆಯಲ್ಲಿರಲಿ. ತೊಡೆಯ ಹೊರಭಾಗಕ್ಕೆ ಕೊಡುವುದನ್ನು ಡಿಸ್ಚಾರ್ಜ್ ದಿನವೇ ನರ್ಸ್ ಹತ್ತಿರ ಮನೆಯ ಇಬ್ಬರು ಕಲಿತುಕೊಳ್ಳಿ. ಸಕ್ಕರೆ ಏರುತ್ತದೆಂದು ಮಧುಮೇಹಿಗಳೂ ಇದನ್ನು ಬಿಡುವಂತಿಲ್ಲ, ಸಕ್ಕರೆಯನ್ನು ಆಮೇಲೆ ಸರಿಮಾಡಬಹುದು.

ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರು ಯಾವಾಗ ಮತ್ತೆ ಶುರುಮಾಡಬೇಕೆಂದು ಕೇಳಿಟ್ಟುಕೊಳ್ಳಿ. ಇನ್ನೊಂದು: ಪ್ಯಾರಾಸಿಟಮಾಲ್ ಕೊಡುವ ಮುಂಚೆ ಜ್ವರ ಅಳೆಯಿರಿ. ನುಂಗಿದ ಮೇಲೆ ಅಳೆದರೆ ಮೆನಿಂಜೈಟಿಸ್‌ನ ಜ್ವರವೂ ಮರೆಯಾಗಿ, ಮೈಬಿಸಿ ಸರಿಯಿದೆ ಎಂದೇ ಕಂಡುಬಿಡಬಹುದು.

ಮೂಗು ತೊಳೆಯುವುದು, ರಕ್ತ ಬಂದರೆ

ಆರಂಭದಲ್ಲಿ ಬರೀ ಉಪ್ಪುನೀರಿನ ಸ್ಪ್ರೇ, ದಿನಕ್ಕೆ ನಾಲ್ಕಾರು ಸಲ. ಬಾಟಲಿಯಿಂದ ತೊಳೆಯುವುದು ಸರ್ಜನ್ ದಿನ ಹೇಳಿದ ಮೇಲೆ ಮಾತ್ರ. ಆಗ 240 ಮಿಲಿ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನೀರನ್ನು ಒಂದು ನಿಮಿಷ ಮಳ ಮಳ ಕುದಿಸಿ ಆರಿಸಿದ್ದೇ ಆಗಬೇಕು. ಬಾವಿ, ನಲ್ಲಿ, ಟ್ಯಾಂಕಿನ ಹಸಿನೀರು ಮೂಗಿಗೆ ಹೋಗಬಾರದು. ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾ ಸೋಂಕಿನಿಂದ ಕೇರಳದಲ್ಲಿ 2024ರಲ್ಲೂ 2025ರಲ್ಲೂ ಸಾವುಗಳಾಗಿವೆ. ಬಾಟಲಿಯನ್ನು ಹಿಂಡಿ ಚಿಮ್ಮಿಸಬೇಡಿ, ಮೆಲ್ಲಗೆ ಹರಿಯಬಿಡಿ. ಹೆಕ್ಕಳೆಯನ್ನು ಬೆರಳಿನಿಂದ ಕೀಳಬೇಡಿ, ಸರ್ಜನ್ ಎಂಡೋಸ್ಕೋಪಿನಲ್ಲಿ ನೋಡಿ ತೆಗೆಯುತ್ತಾರೆ. ವಾಸನೆ ತಿಳಿಯದಿರುವುದು ಕೆಲವು ವಾರ ಸಾಮಾನ್ಯ. ಅನ್ನ ಹಳಸಿದ್ದು, ಗ್ಯಾಸ್ ಸೋರಿದ್ದು ರೋಗಿಗೆ ಗೊತ್ತಾಗದು ಎಂಬುದು ಮನೆಯವರಿಗೆ ನೆನಪಿರಲಿ.

ತಾಜಾ ಕೆಂಪು ರಕ್ತ ಸುರಿದರೆ ಕೂರಿಸಿ, ಮುಂದಕ್ಕೆ ಬಾಗಿಸಿ, ಬಾಯಿಗೆ ಬಂದದ್ದನ್ನು ಉಗಿಸಿ. ಹಿಂದಕ್ಕೆ ತಲೆ ಚಾಚಿದರೆ ರಕ್ತ ಹೊಟ್ಟೆಗೆ, ಶ್ವಾಸಕ್ಕೆ ಹೋಗುತ್ತದೆ. ಈ ರಕ್ತ ಹೆಚ್ಚಾಗಿ ಮೂಗಿನ ಹಿಂಭಾಗದ ರಕ್ತನಾಳದ್ದು, ಆದ್ದರಿಂದ ಮುಂದೆ ಹಿಸುಕಿ ಹಿಡಿದು ಕಾಯುತ್ತ ಕೂರಬೇಡಿ. ಹತ್ತು ನಿಮಿಷದಲ್ಲಿ ನಿಲ್ಲದಿದ್ದರೆ, ಅಥವಾ ಬಾಯಿ ತುಂಬ ಬರುತ್ತಿದ್ದರೆ 108. ಅಪರೂಪಕ್ಕೆ ಕೆರೋಟಿಡ್ ರಕ್ತನಾಳದ ಗಾಯ ವಾರಗಳ ಮೇಲೆ ಒಡೆಯುವುದುಂಟು.

ತಡಮಾಡಬಾರದ ಇತರ ಲಕ್ಷಣಗಳು

ಕಣ್ಣನ್ನು ದಿನಕ್ಕೆರಡು ಸಲ ಪರೀಕ್ಷಿಸಿ: ಒಂದು ಕಣ್ಣು ಮುಚ್ಚಿ ಅದೇ ಕ್ಯಾಲೆಂಡರನ್ನು ಅದೇ ದೂರದಿಂದ ಓದಿಸಿ, ನಂತರ ಇನ್ನೊಂದು ಕಣ್ಣು. ಕೆಂಪು ಅಂಕಿ ಒಂದು ಕಣ್ಣಿಗೆ ಮಾಸಲಾಗಿ ಕಂಡರೂ ಬರೆದುಕೊಳ್ಳಿ. ದೃಷ್ಟಿ ಗಂಟೆಗಳಲ್ಲಿ ಕುಗ್ಗಿದರೆ, ವಸ್ತು ಎರಡೆರಡಾಗಿ ಕಂಡರೆ, ಒಳಗೆ ರಕ್ತ ಕಟ್ಟಿ ನರವನ್ನು ಒತ್ತುತ್ತಿರಬಹುದು. ಬೆಳಗಾಗಲಿ ಎಂದು ಕಾಯುವ ವಿಷಯವಲ್ಲ. ಜ್ವರದೊಂದಿಗೆ ಕತ್ತು ಬಿಗಿತ, ಬೆಳಕು ಕಂಡರಾಗದಿರುವುದು, ಮಂಪರು ಇದ್ದರೂ ಅಷ್ಟೇ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ ಸೂಚನೆ. ಕುಶಿಂಗ್ ರೋಗಿಗಳಲ್ಲಿ ಇದರ ಅಪಾಯ ಹೆಚ್ಚು. ತಿಕ್ಕಬೇಡಿ, ತೋರಿಸಿ.

ಕಿವಿಯ ಹಿಂದೆ ತೆರೆದು ಶ್ರವಣ ನರದ ಗೆಡ್ಡೆ ತೆಗೆಸಿಕೊಂಡವರ ಪಾಡು ಬೇರೆ, ಆದರೆ ಎರಡು ಮಾತು ಅವರಿಗೂ ಸಲ್ಲುತ್ತವೆ. ಗಾಯ ಕಿವಿಯ ಹಿಂದಿದ್ದರೂ ಮಿದುಳಿನ ನೀರು ಕಿವಿ-ಗಂಟಲಿನ ನಾಳದಿಂದ ಇಳಿದು ಮೂಗಿನಲ್ಲಿ ಬರಬಹುದು, ಶೀತವೆಂದು ಬಿಡಬೇಡಿ. ಮುಖದ ನರ ಸೋತು ಕಣ್ಣು ಮುಚ್ಚದಿದ್ದರೆ ಹಗಲು ಒಂದೆರಡು ಗಂಟೆಗೊಮ್ಮೆ ಕೃತಕ ಕಣ್ಣೀರು, ರಾತ್ರಿ ಜೆಲ್ ಹಾಕಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸಿ. ಆ ಕಣ್ಣು ಕೆಂಪಾಗಿದ್ದೂ ನೋವಿಲ್ಲ ಎಂದರೆ ಸ್ಪರ್ಶದ ನರವೂ ಸೋತಿರಬಹುದು, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.

ಆರನೇ ವಾರದ ಭೇಟಿ

ನೋಟ್‌ಬುಕ್, ಎಲ್ಲ ಸೋಡಿಯಂ ವರದಿಗಳು, ಮಾತ್ರೆಯ ಪಟ್ಟಿಗಳನ್ನೇ ತೆಗೆದುಕೊಂಡು ಹೋಗಿ. ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಇದ್ದರೆ ಹಿಂದಿನ ದಿನದ ಹಾಗೂ ಆ ಬೆಳಗಿನ ಹೈಡ್ರೋಕಾರ್ಟಿಸೋನ್ ಯಾವುದನ್ನು ತಡೆಯಬೇಕೆಂದು ಮೊದಲೇ ಕೇಳಿ, ರಕ್ತ ಕೊಟ್ಟ ಕೂಡಲೇ ನುಂಗಲು ಮಾತ್ರೆ ಜೇಬಿನಲ್ಲಿರಲಿ. ಥೈರಾಯ್ಡ್‌ಗೆ ಟಿಎಸ್‌ಎಚ್ (ಥೈರಾಯ್ಡನ್ನು ಚುರುಕುಗೊಳಿಸುವ ಪಿಟ್ಯುಟರಿಯ ಹಾರ್ಮೋನು) ಒಂದನ್ನೇ ನೋಡಿದರೆ ಸಾಲದು, ಪಿಟ್ಯುಟರಿಯೇ ಕೆಟ್ಟಿರುವಾಗ ಅದು ಸರಿಯಿದ್ದಂತೆ ಕಾಣಬಹುದು. ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಬೇಕೇ ಬೇಕು. ಅದು ಕಡಿಮೆ ಬಂದು ಥೈರಾಕ್ಸಿನ್ ಬರೆದರೆ, ಕಾರ್ಟಿಸಾಲ್ ಸರಿಯಿದೆಯೇ ಎಂದು ಕೇಳದೆ ಮೊದಲ ಮಾತ್ರೆ ನುಂಗಬೇಡಿ, ಏಕೆಂದರೆ ಥೈರಾಕ್ಸಿನ್ ಉಳಿದಿರುವ ಅಲ್ಪ ಕಾರ್ಟಿಸಾಲನ್ನೂ ಬೇಗ ಖರ್ಚುಮಾಡುತ್ತದೆ. ಗೆಡ್ಡೆ ಎಷ್ಟು ಉಳಿದಿದೆ ಎಂದು ತಿಳಿಯುವ ಎಂಆರ್‌ಐ ಸಾಮಾನ್ಯವಾಗಿ ಮೂರನೇ ತಿಂಗಳ ಸುಮಾರಿಗೆ. ಅದಕ್ಕೂ ಮುಂಚೆ ಮಾಡಿದರೆ ತೇಪೆಯ ಕೊಬ್ಬು, ಊತ, ಉಳಿದ ಗೆಡ್ಡೆ ಒಂದರಿಂದೊಂದು ಬೇರೆಯಾಗಿ ಕಾಣುವುದು ಕಷ್ಟ.